ಭಾವನ ಕೈಕೆಲಸದ ಕಾರು

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಸೋಫಾ ರಿಪೇರಿ ಮಾಡುವವರು. ಗುಂಡಿ ಬಿದ್ದ ಕುರ್ಚಿ, ಸ್ಪಂಜು ಹೊರಬಂದ ದಿವಾನ್, ಏನೇ ತಂದುಕೊಡಿ, ಹೊಸದು ಮಾಡಿ ಕಳಿಸುತ್ತಾರೆ. ಮುರಿದ ಪಟ್ಟಿಯ ಮೇಲೆ ಸ್ಪಂಜು, ಅದರ ಮೇಲೆ ರೆಕ್ಸಿನ್, ಅಂಚಿಗೆ ಹೊಲಿಗೆ. ಒಳಗೇನಿದೆ ಅಂತ ಗಿರಾಕಿಯೂ ಕೇಳುವುದಿಲ್ಲ, ಇವರೂ ಹೇಳುವುದಿಲ್ಲ. ಮಾತಿನಲ್ಲಿ ಅವರನ್ನು ಸೋಲಿಸುವ ಗಂಡಸು ನಮ್ಮ ಮನೆಯಲ್ಲಿ ಇನ್ನೂ ಹುಟ್ಟಿಲ್ಲ. ನಾನಂತೂ ಅಲ್ಲ.

ಇಂಥವರು ಒಂದು ಹಳೆಯ ಕಾರು ಕೊಂಡರು. ಅಕ್ಕನ ಕಾಟ ತಾಳಲಾರದೆ ಮೆಕ್ಯಾನಿಕ್ ಒಬ್ಬನಿಗೆ ತೋರಿಸಿದರು. ಅವನು ಕಾರಿನ ಕೆಳಗೆ ನುಸುಳಿ, ಮೈಯೆಲ್ಲ ಮಣ್ಣು ಮಾಡಿಕೊಂಡು ಹೊರಬಂದ. "ಹಿಂದಿನ ಸೀಟಿನ ಹತ್ರ ತಗಡು ತುಕ್ಕು ಹಿಡಿದು ತೂತಾಗಿದೆ. ಹೊಗೆ ಹೋಗೋ ಪೈಪೂ ಅಲ್ಲೇ ಬಿರುಕು ಬಿಟ್ಟಿದೆ. ಮೊದಲು ವೆಲ್ಡಿಂಗ್ ಮಾಡಿಸಿ, ಪೈಪ್ ಬದಲಾಯಿಸಿ. ಸೀಟು ಗೀಟು ಎಲ್ಲ ಆಮೇಲೆ."

ಭಾವನಿಗೆ ಗ್ಯಾರೇಜಿನವರೆಂದರೆ ಆಗದು. ಹಿಂದೊಮ್ಮೆ ಸ್ಕೂಟರ್ ರಿಪೇರಿಗೆ ಬಿಟ್ಟಾಗ ಅದರ ಹೊಸ ಬ್ಯಾಟರಿ ಮಾಯವಾಗಿ, ಯಾರದೋ ಹಳೆಯದು ಬಂದು ಕೂತಿತ್ತು. ಹಾಗಾಗಿ ಅವರ ಸಿಟ್ಟು ಸುಳ್ಳೆಂದು ನಾನು ಹೇಳಲಾರೆ.

"ಕೈಕಾಲು ಗಟ್ಟಿ ಇರೋವಾಗ ಅವರ ಮುಂದೆ ಯಾಕೋ ಕೈಕಟ್ಟಿ ನಿಲ್ಲಬೇಕು? ತೂತು ಮುಚ್ಚೋದೇ ನನ್ನ ಕಸುಬು" ಎಂದರು.

ಮನೆ ಮುಂದೆಯೇ ಕೆಲಸ ಶುರುವಾಯಿತು. ಟಾರ್ಚ್ ಹಿಡಿಯುವ ಘನಕಾರ್ಯ ನನ್ನದು. ಕಾರಿನ ದೀಪದ ಗಾಜನ್ನು ಟೂತ್‌ಪೇಸ್ಟ್ ಹಚ್ಚಿ ಉಜ್ಜಿ ಫಳಫಳ ಮಾಡಿದರು. ಸ್ಪೀಕರ್ ತಾವೇ ಜೋಡಿಸಿದರು. ಅದಾದ ಮೇಲೆ ಎಡಕ್ಕೆ ತಿರುಗಿಸಿದಾಗಲೆಲ್ಲ ಹಾರ್ನ್ ಹೊಡೆದುಕೊಳ್ಳುತ್ತಿತ್ತು. ತೂತಿನ ಮೇಲೆ ಎರಡು ಪದರ ರೆಕ್ಸಿನ್ ಅಂಟಿಸಿ, ಸ್ಪಂಜು ಹಾಸಿ, ಮೇಲೆ ಕಾರ್ಪೆಟ್ ಹೊಲಿದರು. ಧೂಳು ಬರಬಾರದೆಂದು ಬಾಗಿಲುಗಳಿಗೆಲ್ಲ ಹೊಸ ರಬ್ಬರ್ ಪಟ್ಟಿ ಹಾಕಿದರು. ಸೀಟುಗಳಂತೂ ಕಣ್ಣು ಕುಕ್ಕುವಂತಿದ್ದವು. ಬೀದಿಯವರು ಬಂದು ಕೂತು ನೋಡಿ ಹೋದರು. ನನಗೂ ಹೆಮ್ಮೆಯಾಯಿತು.

ಭಾವ ಓಡಿಸುವಾಗ ಕಿಟಕಿ ಇಳಿಸಿ ಮೊಣಕೈ ಹೊರಗಿಡುತ್ತಿದ್ದರು. ಅದು ಅವರ ಶೋಕಿ. ಹಿಂದೆ ಕೂರುತ್ತಿದ್ದ ಅಕ್ಕನಿಗೆ ಮಾತ್ರ ಹೋದಲ್ಲೆಲ್ಲ ತಲೆನೋವು.

"ನಿಂಗೆ ಬಸ್ಸಲ್ಲೂ ಆಗಲ್ಲ, ಕಾರಲ್ಲೂ ಆಗಲ್ಲ" ಎಂದು ಭಾವ ರೇಗಿಸುತ್ತಿದ್ದರು.

"ಬಸ್ಸಲ್ಲಿ ವಾಂತಿ ಬರೋದು ರೀ. ಇದು ಬೇರೆ. ತಲೆ ಭಾರ ಆಗಿ ಕಣ್ಣು ಕತ್ತಲೆ ಬರುತ್ತೆ."

ಹೊಸ ರೆಕ್ಸಿನ್ ಮತ್ತು ಅಂಟಿನ ವಾಸನೆಯಲ್ಲಿ ಬೇರೆ ಯಾವ ವಾಸನೆಯೂ ಮೂಗಿಗೆ ಹತ್ತುತ್ತಿರಲಿಲ್ಲ. ಅವರ ಮಗಳು ಪುಟ್ಟಿಯಂತೂ ಸ್ವಲ್ಪ ದೂರ ಹೋಗುವುದರೊಳಗೆ ನಿದ್ದೆ ಹೋಗುತ್ತಿದ್ದಳು. "ಸೀಟು ಅಂದ್ರೆ ಹೀಗಿರಬೇಕು ನೋಡು" ಎಂದು ಭಾವ ಕನ್ನಡಿಯಲ್ಲಿ ಅವಳನ್ನು ನೋಡಿ ನಗುತ್ತಿದ್ದರು. ಒಮ್ಮೆ ನಾನು ಮೆಕ್ಯಾನಿಕ್ ಹೇಳಿದ್ದನ್ನು ನೆನಪಿಸಿದೆ. ಅವರು ಕಿವಿಗೇ ಹಾಕಿಕೊಳ್ಳಲಿಲ್ಲ.

ಒಂದು ದಿನ ಸೋದರತ್ತೆಯ ಮನೆಗೆ ಹೊರಟಾಗ ಅಕ್ಕ ತಲೆನೋವಿಗೆ ಹೆದರಿ ಮನೆಯಲ್ಲೇ ಉಳಿದಳು. ನಾನು ಭಾವನ ಪಕ್ಕದಲ್ಲಿ, ಪುಟ್ಟಿ ಹಿಂದೆ ಒಬ್ಬಳೇ. ದಾರಿಯಲ್ಲಿ ಲಾರಿ ಕೆಟ್ಟು ನಿಂತಿತ್ತು. ವಾಹನಗಳ ಸಾಲು ಅಲುಗಾಡಲಿಲ್ಲ, ನಮ್ಮ ಎಂಜಿನ್ ಓಡುತ್ತಲೇ ಇತ್ತು. ಕೊನೆಗೂ ಅತ್ತೆಯ ಮನೆ ಮುಂದೆ ಕಾರು ನಿಂತಿತು. "ಎದ್ದೇಳೇ ಕುಂಭಕರ್ಣಿ" ಎಂದು ಭಾವ ಹಿಂದಿನ ಬಾಗಿಲು ತೆಗೆದರು. ಪುಟ್ಟಿ ಏಳಲಿಲ್ಲ. ಭುಜ ಹಿಡಿದು ಅಲುಗಾಡಿಸಿದರು. ಅವಳ ತಲೆ ಪಕ್ಕಕ್ಕೆ ಜೋತುಬಿತ್ತು. ಭಾವ ಅವಳನ್ನು ಎತ್ತಿಕೊಂಡು ರಸ್ತೆಯಲ್ಲೇ ಓಡತೊಡಗಿದರು. ನಾನು ಆಟೋ ನಿಲ್ಲಿಸಿ ಇಬ್ಬರನ್ನೂ ಹತ್ತಿಸಿ ಆಸ್ಪತ್ರೆಗೆ ಕರೆದೊಯ್ದೆ.

"ಕಾರೊಳಗೆ ಹೊಗೆ ಬರ್ತಿತ್ತಾ?" ಎಂದು ಡಾಕ್ಟರಮ್ಮ ಕೇಳಿದರು.

"ಇಲ್ಲ ಮೇಡಂ. ಎಲ್ಲಾ ಕಡೆ ನಾನೇ ಮುಚ್ಚಿದ್ದೆ" ಎಂದರು ಭಾವ. ಹೇಳಿದ ಮೇಲೆ ತಮ್ಮ ಮಾತು ತಮಗೇ ಕೇಳಿಸಿದವರ ಹಾಗೆ ಗೋಡೆ ಹಿಡಿದು ಕೂತುಬಿಟ್ಟರು.

ಆಕ್ಸಿಜನ್ ಹಾಕಿದ ಮೇಲೆ ಸಂಜೆ ಹೊತ್ತಿಗೆ ಪುಟ್ಟಿ ಕಣ್ಣು ಬಿಟ್ಟಳು. ವಾಂತಿ ಮಾಡಿಕೊಂಡು ಅಮ್ಮ ಬೇಕು ಎಂದು ಅತ್ತಳು. ಅಕ್ಕ ಬಂದು ಅವಳನ್ನು ತಬ್ಬಿಕೊಂಡವಳು ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ಗಂಡನ ಕಡೆ ತಿರುಗಿ, "ನನ್ನ ತಲೆನೋವನ್ನ ಒಂದು ಸಲ ನಂಬಿದ್ರೆ ಸಾಕಿತ್ತು" ಎಂದಳು.

ಅದೇ ಮೆಕ್ಯಾನಿಕ್‌ನ ಗ್ಯಾರೇಜಿನಲ್ಲಿ ಭಾವ ತಮ್ಮ ಹೊಲಿಗೆಯನ್ನೆಲ್ಲ ತಾವೇ ಕತ್ತರಿಸಿ ಕಿತ್ತರು. ಒಳಗೆ ರೆಕ್ಸಿನ್ ಅಂಚು ಬಿಟ್ಟುಕೊಂಡು, ಹೊಗೆ ಹತ್ತಿ ಕಪ್ಪಾಗಿತ್ತು. ಅವನು ಹೊಸ ತಗಡು ಬೆಸೆದು, ಪೈಪ್ ಬದಲಾಯಿಸಿದ. ಒಳಗೆ ಕೂತು ಎಂಜಿನ್ ಓಡಿಸಿ, ಪರೀಕ್ಷೆ ಮಾಡಿ ತೋರಿಸಿದ. ಈಗ ಕಾರಿನಲ್ಲಿ ಯಾವ ದೋಷವೂ ಇಲ್ಲ. ಡಾಕ್ಟರಮ್ಮನೂ ಮಗು ಚೆನ್ನಾಗಿದ್ದಾಳೆ ಎಂದಿದ್ದಾರೆ.

ಆದರೂ ಭಾವ ಮಳೆ ಬಂದರೂ ಕಿಟಕಿ ಏರಿಸಲು ಬಿಡುವುದಿಲ್ಲ. ಪುಟ್ಟಿ ಮಾತು ನಿಲ್ಲಿಸಿದರೆ ಸಾಕು, ಹೆಸರು ಹಿಡಿದು ಕರೆಯುತ್ತಾರೆ. ಮೊನ್ನೆ ಶಾಲೆಯಿಂದ ಬರುವಾಗ ಅವಳು ಆಕಳಿಸಿ ಸೀಟಿಗೆ ಒರಗಿದಳು. ಭಾವ ತಕ್ಷಣ ರಸ್ತೆ ಪಕ್ಕ ಕಾರು ನಿಲ್ಲಿಸಿದರು, ಅವಳನ್ನು ಹೊರಗೆತ್ತಿ ಹೆಗಲಿಗೆ ಹಾಕಿಕೊಂಡರು. ಅವಳು ಅಲ್ಲೇ ನಿದ್ದೆ ಹೋದಳು.

"ಮನೆ ಇಲ್ಲೇ ಇದೆಯಲ್ಲ ಭಾವ, ಹೋಗೋಣ" ಎಂದೆ.

"ಅವಳು ಎದ್ದ ಮೇಲೆ ಹೋಗೋಣ ಕಣೋ" ಎಂದು ಬಿಸಿಲಲ್ಲೇ ನಿಂತರು.