ಎಪ್ಪತ್ತು ಕಿಲೋಮೀಟರಿನ ಗಾಡಿ

ನಮ್ಮ ಅತ್ತೆಗೆ ಪೆಟ್ರೋಲಿನ ವಾಸನೆ ಆಗುತ್ತಿರಲಿಲ್ಲ. ಮೂಗಿಗೆ ಸೆರಗು ಹಿಡಿದು ತಡೆದುಕೊಳ್ಳುವ ಮಟ್ಟದ್ದಲ್ಲ ಅದು. ಬಸ್ಸು ನಮ್ಮ ಬ್ಯಾಡಗಿಯ ಸ್ಟ್ಯಾಂಡು ದಾಟುವುದರೊಳಗೆ ಹೊಟ್ಟೆಯೊಳಗಿನದೆಲ್ಲ ಹೊರಗೆ ಬರುತ್ತಿತ್ತು. ಒಮ್ಮೆ ಕಾರಿನಲ್ಲಿ ಹಾವೇರಿಯ ದವಾಖಾನೆಗೆ ಕರೆದೊಯ್ದಾಗ ಮೋಟೆಬೆನ್ನೂರಿನಲ್ಲೇ ಇಳಿದು, "ಸತ್ರ ಇಲ್ಲೇ ಸಾಯತೇನಿ, ಇದರಾಗ ಕೂಡ್ರೂದಿಲ್ಲ" ಎಂದು ರಸ್ತೆಯ ಬದಿ ಕೂತುಬಿಟ್ಟರಂತೆ. ರೈಲಿನ ಎಂಜಿನ್ನೂ ಡೀಸೆಲ್ಲೇ. ಒಂದು ಸಲ ಹತ್ತಿಸಿದ್ದರು, ರಾಣೆಬೆನ್ನೂರಿನಲ್ಲಿ ಹೊತ್ತು ಇಳಿಸಬೇಕಾಯಿತು. ಅವರಿಗೆ ಒಗ್ಗುತ್ತಿದ್ದದ್ದು ಚಕ್ಕಡಿ ಒಂದೇ. ನಮ್ಮ ಮನೆಯಲ್ಲಿ ಎತ್ತು ಕಟ್ಟುವುದು ನಿಂತಿತು, ಅತ್ತೆಯ ತಿರುಗಾಟವೂ ನಿಂತಿತು.

ರಾಣೆಬೆನ್ನೂರಿನಲ್ಲಿ ಅವರ ತಂಗಿ ಇದ್ದರು, ನನಗೆ ಚಿಕ್ಕತ್ತೆ. ವರ್ಷಕ್ಕೆರಡು ಸಲ ಅವರೇ ಬಸ್ಸು ಹತ್ತಿ ಬರುತ್ತಿದ್ದರು. ಬಂದರೆಂದರೆ ಅಕ್ಕ ತಂಗಿ ಪಡಸಾಲೆಯಲ್ಲಿ ಒಬ್ಬರ ತಲೆ ಒಬ್ಬರು ಬಾಚುತ್ತ ಕೂತುಬಿಡುವರು. ಅಷ್ಟು ಹೊತ್ತು ಅತ್ತೆ ನನ್ನಲ್ಲಿ ಒಂದೂ ತಪ್ಪು ಹುಡುಕುತ್ತಿರಲಿಲ್ಲ. ಹೀಗಾಗಿ ಚಿಕ್ಕತ್ತೆಯ ದಾರಿಯನ್ನು ಎಲ್ಲರಿಗಿಂತ ಹೆಚ್ಚು ಕಾಯುತ್ತಿದ್ದವಳು ನಾನೇ ಇರಬೇಕು.

ಎರಡು ಸಾವಿರದ ಏಳೋ ಎಂಟೋ ಇರಬೇಕು, ಬ್ಯಾಟರಿ ಗಾಡಿಗಳು ನಮ್ಮ ಕಡೆ ಬಂದವು. ಲೈಸೆನ್ಸ್ ಬೇಡ, ಪೆಟ್ರೋಲ್ ಬೇಡ, ಗೋಡೆಯ ಪ್ಲಗ್ಗಿಗೆ ಹಚ್ಚಿದರೆ ಸಾಕು. ನಾನು ಯಜಮಾನರ ಹಿಂದೆ ಬಿದ್ದು ಹಾವೇರಿಯಿಂದ ಒಂದನ್ನು ತರಿಸಿಕೊಂಡೆ. ಓಡುವಾಗ ಅದು ಸದ್ದೇ ಮಾಡುತ್ತಿರಲಿಲ್ಲ. ನಾನು ಮೊದಲಿನಿಂದಲೂ ಒಲೆಯ ಮೇಲೆ ಹಾಲಿಟ್ಟು ಕಿಟಕಿಯಾಚೆ ನೋಡುತ್ತ ನಿಲ್ಲುವವಳು. ಅಂಥವಳಿಗೆ ಹೇಳಿ ಮಾಡಿಸಿದ ಗಾಡಿ ಅದು. ಮುಂಜಾನೆ ಊರ ಹೊರಗೆ ಹೋದರೆ ಎರಡೂ ಬದಿ ಕಣ್ಣು ಹಾಯುವಷ್ಟು ದೂರ ಮೆಣಸಿನಕಾಯಿ ಹರವಿರುತ್ತಿದ್ದರು. ನೆಲ ಕೆಂಪಗೆ, ಮೇಲೆ ತೆಳು ಮಂಜು, ನಡುವೆ ಸದ್ದಿಲ್ಲದೆ ಸರಿಯುವ ನಾನು. ಹಕ್ಕಿಗಳು ಕೂಡ ನಾನು ತೀರ ಹತ್ತಿರ ಬಂದ ಮೇಲೆಯೇ ಏಳುತ್ತಿದ್ದವು. ಎಷ್ಟೋ ಸಲ ಎಲ್ಲಿಗೆ ಹೊರಟಿದ್ದೆ ಎಂಬುದನ್ನೇ ಮರೆತು ತಿರುಗಿ ಬಂದಿದ್ದೇನೆ.

ಗಾಡಿಯ ಜೊತೆ ಬಂದ ಪುಸ್ತಕದಲ್ಲಿ, ಒಮ್ಮೆ ಚಾರ್ಜ್ ಮಾಡಿದರೆ ಎಪ್ಪತ್ತು ಕಿಲೋಮೀಟರು ಎಂದು ಅಚ್ಚಾಗಿತ್ತು. ನಮ್ಮ ಯಜಮಾನರದು ಮೆಣಸಿನಕಾಯಿ ದಲಾಲಿ ಅಂಗಡಿ. ರೈತ ತಂದ ಚೀಲಕ್ಕೆ ಕೈ ಹಾಕಿ, ಹಿಚುಕಿ, ಮುರಿದು, ಬೀಜ ಅಲುಗುವ ಸದ್ದು ಕೇಳಿಯೇ ಬೆಲೆ ಹೇಳುವ ಮನುಷ್ಯ, ಅಚ್ಚಿನ ಅಕ್ಷರವನ್ನು ಮಾತ್ರ ಕಣ್ಣುಮುಚ್ಚಿ ನಂಬುತ್ತಿದ್ದರು. ಅತ್ತೆ ನಂಬಲಿಲ್ಲ.

"ಎಪ್ಪತ್ತು ಅನ್ನೂದು ಹಸೀ ತೂಕ," ಅಂದರು. "ಒಣಗಿದ ಮ್ಯಾಲೆ ಎಷ್ಟ ಉಳೀತೈತಿ ನೋಡ್ರಿ."

ಹಸಿ ಕಾಯಿ ತಂದವನ ತೂಕದಲ್ಲಿ ತೇವದ ಭಾಗ ಕಳೆದೇ ಮಾತಾಡುವುದು ನಮ್ಮ ಪೇಟೆಯ ರೂಢಿ. ಅತ್ತೆ ಆ ರೂಢಿಯನ್ನು ಜಗತ್ತಿನ ಎಲ್ಲದಕ್ಕೂ ಹಚ್ಚುತ್ತಿದ್ದರು. ಬೀಗರ ಮಾತಿಗೂ, ಹವಾಮಾನದ ಸುದ್ದಿಗೂ, ನನ್ನ ಅಡುಗೆಯನ್ನು ಯಾರಾದರೂ ಹೊಗಳಿದರೆ ಆ ಹೊಗಳಿಕೆಗೂ.

ಆ ವರ್ಷ ಮಳೆಗಾಲ ಶುರುವಾಗುವ ಮುಂಚೆ ಚಿಕ್ಕತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಇನ್ನು ಎದ್ದು ನಡೆಯುವುದು ಕಷ್ಟ ಎಂದು ಡಾಕ್ಟರು ಹೇಳಿದರು. ಸುದ್ದಿ ಕೇಳಿದ ಅತ್ತೆ ಅಳಲಿಲ್ಲ. ಎರಡು ದಿನ ಊಟದ ಮುಂದೆ ಸುಮ್ಮನೆ ಕೂತು ಎದ್ದರು. ಮೂರನೆಯ ದಿನ ಅಂಗಳಕ್ಕೆ ಬಂದು ನನ್ನ ಗಾಡಿಯ ಸೀಟಿಗೆ ಮೂಗು ಹಚ್ಚಿ ವಾಸನೆ ನೋಡಿದರು. ಆಮೇಲೆ ಚಕ್ರದ ಹತ್ತಿರ ಬಗ್ಗಿ ಮತ್ತೊಮ್ಮೆ ನೋಡಿದರು.

"ಇದು ನಾರೂದಿಲ್ಲ," ಅಂದರು. "ರಾಣೆಬೆನ್ನೂರ ತನಕ ಹೋಗತೈತೇನು?"

ಮನೆಯಲ್ಲಿ ಅವರು ನನ್ನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು. ಅಲ್ಲಿಯವರೆಗೆ ಹೇಳುತ್ತಿದ್ದರು, ಅಷ್ಟೇ.

ಕದರಮಂಡಲಗಿಯ ಮೇಲೆ ರಾಣೆಬೆನ್ನೂರಿಗೆ ಹೋಗಿ ಬರಲು ನಲವತ್ತೈದು ಕಿಲೋಮೀಟರಿನ ಆಸುಪಾಸು ಆಗುತ್ತದೆ. ಪುಸ್ತಕದ ಪ್ರಕಾರ ಹೋಗಿ ಬಂದು ಇನ್ನೂ ಇಪ್ಪತ್ತೈದು ಉಳಿಯಬೇಕು. ಆದರೆ ಯಜಮಾನರಿಗೂ ಅಷ್ಟು ಹೊತ್ತಿಗೆ ಅನುಮಾನ ಬಂದಿತ್ತು. ಅವ್ವನನ್ನು ನಡುದಾರಿಯಲ್ಲಿ ಕೂಡಿಸಿಕೊಂಡು ನಿಲ್ಲುವುದಾದರೆ ಬೇಡ, ಮೊದಲು ಪರೀಕ್ಷೆ ಆಗಲಿ ಎಂದರು. ಅಂಗಡಿಯ ಕಾಟಾದ ಮೇಲೆ ಅತ್ತೆಯನ್ನು ನಿಲ್ಲಿಸಿ ತೂಗಿದರು. ಒಂದು ಚೀಲ ಮೆಣಸಿನಕಾಯಿಯಷ್ಟು ಬಂದರು, ಒಂದು ಗುಂಜಿ ಹೆಚ್ಚಲ್ಲ ಕಡಿಮೆಯಲ್ಲ. ಸರಿ, ಅಂಥದೇ ಒಂದು ಚೀಲ ನನ್ನ ಹಿಂದಿನ ಸೀಟಿಗೆ ಹಗ್ಗದಲ್ಲಿ ಬಿಗಿದರು.

ಮೆಣಸಿನಕಾಯಿ ಚೀಲ ತೂಕಕ್ಕೆ ಹಗುರ, ಗಾತ್ರಕ್ಕೆ ಗುಡ್ಡ. ನನಗಿಂತ ಎತ್ತರದ ಆ ಚೀಲದ ಅತ್ತೆಯನ್ನು ಹೊತ್ತುಕೊಂಡು ಮೋಟೆಬೆನ್ನೂರಿಗೆ ಹೋಗುವುದು, ಬರುವುದು, ಮತ್ತೆ ಹೋಗುವುದು. ಪೇಟೆಯವರೆಲ್ಲ ಅಂಗಡಿಯ ಕಟ್ಟೆಗೆ ಬಂದು ನಿಂತು ನೋಡಿದರು. ಕಾಯಿಯ ಘಾಟಿಗೆ ಸೀನು ಬೇರೆ. ಮೂವತ್ನಾಲ್ಕು ಕಿಲೋಮೀಟರಿಗೆ ಗಾಡಿ ಉಸಿರು ಬಿಟ್ಟಿತು.

ಯಜಮಾನರು ಹಾವೇರಿಯ ಅಂಗಡಿಗೆ ಫೋನು ಹಚ್ಚಿ ಜಗಳ ತೆಗೆದರು. ಅಲ್ಲಿಯವನು ಸಮಾಧಾನದಿಂದ ತಿಳಿಸಿದ. ಕಂಪನಿಯವರು ಓಡಿಸಿ ನೋಡುವಾಗ ಗಾಡಿ ಮೇಲೆ ಒಬ್ಬನೇ ಇರುತ್ತಾನೆ, ಅವನೂ ಸಣಕಲ. ರಸ್ತೆ ಸಪಾಟು, ಗಾಳಿ ಇಲ್ಲ, ನಡುವೆ ಎಲ್ಲೂ ನಿಲ್ಲಿಸುವುದಿಲ್ಲ, ಒಂದೇ ವೇಗ. ಹಾಗೆ ಹೋದರೆ ನಿಮಗೂ ಎಪ್ಪತ್ತು ಬರುತ್ತದೆ ಅಂದ. ಇದನ್ನು ಅತ್ತೆಗೆ ಹೇಳಿದೆ.

"ಯಾರನ್ನೂ ಕರಕೊಳ್ಳೂದಿಲ್ಲ, ಎಲ್ಲೂ ನಿಂದ್ರೂದಿಲ್ಲ," ಅಂದರು ಅತ್ತೆ. "ಹಂಗ ಹೋಗಾವ ಎಪ್ಪತ್ತು ಯಾಕ, ನೂರರ ಹೋಗಲಿ. ಹೋಗಿ ಯಾರನ್ನ ನೋಡೂದೈತಿ ಅವಗ?"

ಕಡೆಗೆ ನಿಶ್ಚಯವಾದದ್ದು ಹೀಗೆ: ಮುಂಜಾನೆ ಹೋಗುವುದು, ಚಿಕ್ಕತ್ತೆಯ ಮನೆಯಲ್ಲಿ ಗಾಡಿಯನ್ನು ಚಾರ್ಜಿಗೆ ಹಾಕುವುದು, ಇಳಿಹೊತ್ತಿನಲ್ಲಿ ತಿರುಗಿ ಬರುವುದು. ರಾತ್ರಿ ಅಲ್ಲೇ ಉಳಿಯುವ ವಸ್ತಿ ಮಾತ್ರ ಬೇಡ ಎಂದರು ಯಜಮಾನರು. ಅವ್ವ ಮನೆಯಲ್ಲಿಲ್ಲದ ದಿನ ಅವರಿಗೆ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ. ಐವತ್ತರ ಹೊಸ್ತಿಲಲ್ಲಿದ್ದರೂ ಅಷ್ಟೇ.

ಆಷಾಢದ ಒಂದು ದಿನ ಹೊರಟೆವು. ಮಳೆ ಬಿಡುವು ಕೊಟ್ಟಿತ್ತು, ಗಾಳಿ ಬಿಟ್ಟಿರಲಿಲ್ಲ. ನಮ್ಮ ಕಡೆ ಆಗ ಪಡುವಣದಿಂದ ಬೀಸುವ ಗಾಳಿ ಎಂಥದೆಂದರೆ ಒಣಹಾಕಿದ ಸೀರೆ ಸಂಜೆ ಪಕ್ಕದ ಓಣಿಯಲ್ಲಿ ಸಿಗುತ್ತದೆ. ಆ ಗಾಳಿ ನಮ್ಮ ಬೆನ್ನಿಗಿತ್ತು. ನಾನು ಅಂಥ ಸವಾರಿಯನ್ನು ಮತ್ತೆ ಮಾಡಿಲ್ಲ. ಎರಡೂ ಕಡೆ ಮೊಳಕೆಯೊಡೆದ ಗೋವಿನಜೋಳ ನಾವು ಹೋಗುವ ದಿಕ್ಕಿಗೇ ಬಾಗಿತ್ತು, ಮೋಡದ ನೆರಳುಗಳು ಹೊಲದ ಮೇಲೆ ನಮ್ಮ ಜೊತೆಗೇ ಓಡುತ್ತಿದ್ದವು. ಸದ್ದಿಲ್ಲ, ವಾಸನೆ ಇಲ್ಲ, ಕುಲುಕಾಟವಿಲ್ಲ. ನಿದ್ದೆಯಲ್ಲಿ ನಡೆದ ಹಾಗೆ ದಾರಿ ಸಾಗಿತು. ಹಿಂದೆ ಅತ್ತೆ ಏನೋ ಗುನುಗುತ್ತಿದ್ದರು. ಕದರಮಂಡಲಗಿಯ ಹನುಮಪ್ಪನ ಗುಡಿ ಬಂದಾಗ ಗಾಡಿ ನಿಲ್ಲಿಸಲೇ ಎಂದು ಕೇಳಿದೆ. "ಬ್ಯಾಡ, ಕುಂತಲ್ಲಿಂದನ ಕೈ ಮುಗದೇನಿ, ನಡಿ" ಅಂದರು. ದೇವರನ್ನೇ ದಾಟಿಸಿದ ಅವಸರ ಅದು.

ರಾಣೆಬೆನ್ನೂರು ಮುಟ್ಟಿದಾಗ ಬ್ಯಾಟರಿಯ ಮುಳ್ಳು ಅರ್ಧಕ್ಕಿಂತ ಮೇಲಿತ್ತು. ನನಗೆ ಹೆಮ್ಮೆ. ಕಂಪನಿಯ ಎಪ್ಪತ್ತು ಸುಳ್ಳಲ್ಲ, ಗಾಳಿ ಬೆನ್ನಿಗಿದ್ದರೆ ಖರೇನೇ ಎಂದುಕೊಂಡೆ.

ಚಿಕ್ಕತ್ತೆ ನಡುಮನೆಯ ಮಂಚದ ಮೇಲೆ ಮಲಗಿದ್ದರು. ಅಕ್ಕನನ್ನು ನೋಡಿ, "ನಡಕೋತ ಬಂದಿ?" ಎಂದು ಕೇಳಿದರು. "ಹಾರಿಕೋತ ಬಂದೆ" ಎಂದು ಅತ್ತೆ ಮಂಚದ ಅಂಚಿಗೆ ಕೂತು ತಂಗಿಯ ಪಾದ ಹಿಡಿದುಕೊಂಡರು. ನಾನು ಹೊರಗೆ ಹೋಗಿ ಪಡಸಾಲೆಯ ಪ್ಲಗ್ಗಿಗೆ ಗಾಡಿಯನ್ನು ಹಚ್ಚಿದೆ. ಚಾರ್ಜರಿನ ಕೆಂಪು ದೀಪ ಹೊತ್ತಿತು. ತುಂಬಿದ ಮೇಲೆ ಅದು ಹಸಿರಾಗಬೇಕು.

ಊಟವಾದ ಮೇಲೆ ಒಳಕೋಣೆಯ ಫ್ಯಾನಿನ ಕೆಳಗೆ ಮಲಗಿದೆ. ಗಾಡಿ ಇನ್ನೂ ಓಡುತ್ತಲೇ ಇದೆ ಎನ್ನುವಂಥ ನಿದ್ದೆ ಬಂತು. ನಡುವೆ ಎಚ್ಚರವಾದಾಗೆಲ್ಲ ಫ್ಯಾನು ಗರಗರ ತಿರುಗುತ್ತಿತ್ತು, ಪಕ್ಕದ ಕೋಣೆಯಿಂದ ಇಬ್ಬರು ಮುದುಕಿಯರ ಪಿಸುಮಾತು, ಸಣ್ಣ ನಗು ಬರುತ್ತಿತ್ತು. ನಾಲ್ಕಕ್ಕೆ ಎದ್ದು ಪಡಸಾಲೆಗೆ ಬಂದರೆ ಚಾರ್ಜರಿನಲ್ಲಿ ಕೆಂಪೂ ಇಲ್ಲ, ಹಸಿರೂ ಇಲ್ಲ. ಗಾಡಿಯ ಮುಳ್ಳು ಬಂದಾಗ ಎಲ್ಲಿತ್ತೋ ಅಲ್ಲೇ.

"ಕರೆಂಟ್ ಹೋಗಿತ್ತವಾ," ಒಳಗಿನಿಂದ ಅತ್ತೆಯ ದನಿ ಬಂತು. "ಎಲ್ಲಾ ಊರಾಗೂ ಹಿಂಗ."

ಸ್ವಿಚ್ಚು ಮೇಲಕ್ಕಿತ್ತು, ಅಂದರೆ ಬಂದ್ ಆಗಿತ್ತು. ಅದರ ಕೆಳಗೆ ಕಿಟಕಿಯ ಅಂಚಿನಲ್ಲಿ ಒಂದು ಲಟ್ಟಣಿಗೆ ಬಿದ್ದಿತ್ತು.

ಅತ್ತೆ ಕರೆಂಟಿನ ಸ್ವಿಚ್ಚನ್ನು ಬೆರಳಿನಿಂದ ಮುಟ್ಟಿದವರೇ ಅಲ್ಲ. ನಮ್ಮ ಮನೆಯಲ್ಲೂ ದೀಪ ಹಚ್ಚಬೇಕಾದರೆ ಅಡುಗೆಮನೆಗೆ ಹೋಗಿ ಲಟ್ಟಣಿಗೆ ತಂದು, ಮುಖ ಆಚೆ ತಿರುಗಿಸಿ, ಅದರ ತುದಿಯಿಂದ ಒತ್ತುತ್ತಿದ್ದರು. ನಾನು ನಡುಮನೆಯ ಬಾಗಿಲಲ್ಲಿ ನಿಂತೆ. ಅತ್ತೆ ತಂಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸಿಕ್ಕು ಬಿಡಿಸುತ್ತಿದ್ದರು. ನನ್ನ ಕಡೆ ನೋಡಲಿಲ್ಲ. ಕಿವಿ ಮಾತ್ರ ಕೆಂಪಗಾಗಿತ್ತು. ಹದಿನೆಂಟು ವರ್ಷ ನನ್ನ ಒಂದೊಂದು ತಪ್ಪನ್ನೂ ಹಿಡಿದ ಹೆಂಗಸು ಹೀಗೆ ಕೈಯಾರೆ ಸಿಕ್ಕಿಬಿದ್ದಿದ್ದರು. ನನಗೆ ಗೆದ್ದ ಹಾಗೆ ಅನಿಸಬೇಕಿತ್ತು. ಅನಿಸಲಿಲ್ಲ.

ಯಜಮಾನರಿಗೆ ಫೋನು ಮಾಡಿದೆ. "ಬ್ಯಾಟರಿ ಕಂಪನಿಯವರು ಹೇಳಿದಷ್ಟು ಬರೂದಿಲ್ಲರಿ. ನಾಳಿಗೆ ಬರ್ತೇವಿ," ಅಂದೆ.

ಮರುದಿನ ಪೂರ್ತಿ ತುಂಬಿಸಿಕೊಂಡು ಹೊರಟರೂ ಆ ಗಾಳಿ ಈಗ ಎದುರಿಗಿತ್ತು. ಹೋಗುವಾಗ ಉಳಿಸಿಕೊಟ್ಟದ್ದನ್ನೆಲ್ಲ ಬಡ್ಡಿ ಸಮೇತ ಕಿತ್ತುಕೊಂಡಿತು. ಕದರಮಂಡಲಗಿ ದಾಟುವಾಗಲೇ ಮುಳ್ಳು ಕೆಂಪು ಗೆರೆಗೆ ಬಂದಿತ್ತು. ಏರು ಬಂದಲ್ಲೆಲ್ಲ ಅತ್ತೆ ತಾವಾಗಿ ಇಳಿದು, ಸೆರಗು ಬಿಗಿದು, ನನ್ನ ಪಕ್ಕದಲ್ಲಿ ನಡೆದರು. ನಾನೂ ಇಳಿದು ಗಾಡಿ ತಳ್ಳಿದೆ.

"ಈ ಗಾಳಿ ಕಾಳು ತೂರಾಕ ಬೇಕವಾ," ಅಂದರು. "ಎದರಿಗೆ ಹೋಗಾಕಲ್ಲ." ಸ್ವಲ್ಪ ದೂರ ಹೋದ ಮೇಲೆ, "ನೀ ಛಲೋ ಹೊಡೀತಿ ಗಾಡಿ" ಎಂದು ಸೇರಿಸಿದರು. ಈ ಮಾತಿನಲ್ಲಿ ಎಷ್ಟು ತೇವ ಕಳೆಯಬೇಕೆಂದು ನಾನು ಲೆಕ್ಕ ಹಾಕಲಿಲ್ಲ.

ಆಮೇಲೆ ತಿಂಗಳಿಗೊಮ್ಮೆ ಹೋಗುವುದು ನಡೆದುಬಂತು. ಗಾಡಿ ಊರಲ್ಲಿ ನನ್ನೊಂದಿಗೆ ಸರಿಯಾಗಿಯೇ ಓಡುತ್ತಿತ್ತು, ರಾಣೆಬೆನ್ನೂರಿಗೆ ಹೋದರೆ ಮಾತ್ರ ಅದೇ ದಿನ ತಿರುಗಿ ಬರಲು ಅದಕ್ಕೆ ಆಗುತ್ತಿರಲಿಲ್ಲ. ನಾನು ಪ್ಲಗ್ಗು ಹಚ್ಚಿ ಮಲಗುವುದು, ಲಟ್ಟಣಿಗೆ ಅಡುಗೆಮನೆಯಿಂದ ಪಡಸಾಲೆಗೆ ಬರುವುದು, ನಾನು ಫೋನಿನಲ್ಲಿ ಕಂಪನಿಯನ್ನು ಬೈಯುವುದು. ಈ ಬಗ್ಗೆ ಅತ್ತೆ ಸೊಸೆ ಒಂದು ಮಾತೂ ಆಡಿಕೊಳ್ಳಲಿಲ್ಲ. ಚಿಕ್ಕತ್ತೆಯ ಸೊಸೆಯಂತೂ ನಾವು ಬಂದ ದಿನ ಚಪಾತಿಗೆ ಕೂಡುವ ಮುಂಚೆ ಪಡಸಾಲೆಗೆ ಬಂದು ಲಟ್ಟಣಿಗೆ ಹುಡುಕುವುದನ್ನು ರೂಢಿ ಮಾಡಿಕೊಂಡಳು. ಯಜಮಾನರು ಸುಮ್ಮನಿರದೆ ಹಾವೇರಿಗೆ ಬ್ಯಾಟರಿ ಒಯ್ದು ತೋರಿಸಿಕೊಂಡು ಬಂದರು. ನೆಟ್ಟಗಿವೆ ಅಂದರಂತೆ. ಅದಕ್ಕೂ ಸಮಾಧಾನವಾಗದೆ ಮುಂದಿನ ವರ್ಷದ ದೀಪಾವಳಿಗೆ ಹೊಸ ಬ್ಯಾಟರಿಗಳನ್ನೇ ಹಾಕಿಸಿಬಿಟ್ಟರು.

"ಇನ್ನ ಏನ ಅಂಜಬ್ಯಾಡ ಬೇ ಯವ್ವಾ," ಎಂದರು ಅವ್ವನಿಗೆ. "ಆರಾಮ ಹೋಗಿ ಅದ ದಿನ ತಿರುಗಿ ಬರಬಹುದು." ಅತ್ತೆ ನನ್ನ ಮುಖ ನೋಡಿದರು. ನಾನು ರೊಟ್ಟಿ ಬಡಿಯುವುದರಲ್ಲಿ ಮುಳುಗಿದೆ.

ಹೊಸ ಬ್ಯಾಟರಿ ಹಾಕಿದ ಮೇಲೆ ಒಮ್ಮೆಯೂ ಹೋಗಿರಲಿಲ್ಲ, ಚಿಕ್ಕತ್ತೆ ತೀರಿಕೊಂಡ ಸುದ್ದಿ ಬಂತು. ನಸುಕಿನಲ್ಲಿ ನಿದ್ದೆಯಲ್ಲೇ ಹೋಗಿದ್ದರು. ಯಜಮಾನರು ಮೋಟರ್‌ಸೈಕಲ್ಲಿನಲ್ಲಿ ಮುಂದೆ ಹೋದರು, ನಾನು ಅತ್ತೆಯನ್ನು ಕೂರಿಸಿಕೊಂಡು ಹಿಂದೆ. ಚಳಿಗಾಲದ ಗಾಳಿ ಮೂಡಣದಿಂದ ನಿಧಾನ ಬೀಸುತ್ತಿತ್ತು. ಹೊಲಗಳಲ್ಲಿ ಹಣ್ಣು ಮೆಣಸಿನಕಾಯಿಯ ಕೆಂಪು ಆಗಷ್ಟೇ ಕಾಣತೊಡಗಿತ್ತು. ಅತ್ತೆ ದಾರಿಯುದ್ದಕ್ಕೂ ನನ್ನ ಬೆನ್ನಿಗೆ ಹಣೆ ಹಚ್ಚಿ ಕೂತಿದ್ದರು. ಏನೂ ಗುನುಗಲಿಲ್ಲ.

ಆ ಮನೆ ಮುಟ್ಟಿದಾಗ ಪಡಸಾಲೆಯ ತುಂಬ ಜನ. ನಾನು ವಯರು ಎಳೆದು ಪ್ಲಗ್ಗು ಚುಚ್ಚಿದೆ. ಸ್ವಿಚ್ಚಿಗೆ ಕೈ ಚಾಚುವಷ್ಟರಲ್ಲಿ ಅತ್ತೆ ನನ್ನನ್ನು ಸರಿಸಿ ಮುಂದೆ ಬಂದರು. ಮುಖ ತಿರುಗಿಸಲಿಲ್ಲ. ಬರೀ ಬೆರಳಿನಿಂದ ಸ್ವಿಚ್ಚು ಒತ್ತಿದರು. ಕೆಂಪು ದೀಪ ಹೊತ್ತಿದ್ದನ್ನು ನೋಡಿಯೇ ಒಳಗೆ ತಂಗಿಯ ಹತ್ತಿರ ಹೋದರು.

ಮಣ್ಣು ಮುಗಿಸಿ ಬಂದ ಮೇಲೆ ಎಲ್ಲರೂ ಇರಿ ಅಂದರು, ಯಜಮಾನರೂ ಆ ದಿನ ತಾವಾಗಿಯೇ ವಸ್ತಿ ಇರೂಣು ಅಂದರು. ಅತ್ತೆ ಚಾರ್ಜರಿನ ಪಕ್ಕ ಮಣೆ ಹಾಕಿಕೊಂಡು ಕೂತಿದ್ದರು. ದೀಪ ಹಸಿರಾದದ್ದೇ ಎದ್ದು, "ತುಂಬೇತಿ, ನಡಿ" ಅಂದರು.

ಗಾಳಿ ಬೆನ್ನಿಗೆ, ಬ್ಯಾಟರಿ ಹೊಸದು. ಬ್ಯಾಡಗಿಯ ಅಂಗಳದಲ್ಲಿ ಇಳಿದಾಗ ಇನ್ನೂ ಬೆಳಕಿತ್ತು. ಅತ್ತೆ ಎಂದೂ ನೋಡದವರು ಆ ದಿನ ಮುಳ್ಳಿನ ಗಾಜಿನ ಹತ್ತಿರ ಬಗ್ಗಿದರು.

"ಎಷ್ಟ ಉಳದೈತಿ?"

"ಅರ್ಧಕ್ಕಿಂತ ಹೆಚ್ಚ ಐತ್ರಿ."

"ಅಂದ್ರ ಎಲ್ಲೀ ತನಕ ಹೋಗತೈತಿ?"

ನಾನೂ ಬಗ್ಗಿ ಮುಳ್ಳನ್ನು ಇನ್ನೊಮ್ಮೆ ನೋಡಿದೆ. ಅವರು ಕಾಯುತ್ತಲೇ ನಿಂತಿದ್ದರು.

"ರಾಣೆಬೆನ್ನೂರ ತನಕ ಹೋಗತೈತ್ರಿ," ಅಂದೆ.

ಅತ್ತೆ ಸೀಟಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ ಒಳಗೆ ಹೋದರು. ಆ ಸಂಜೆ ದೇವರ ಕೋಣೆಯ ದೀಪದ ಸ್ವಿಚ್ಚನ್ನೂ ಬೆರಳಿನಿಂದಲೇ ಒತ್ತಿದರು.