ಮುಖಕ್ಕೆ ಬಿದ್ದ ಮರಳು

ತೊಂಬತ್ತೆಂಟನೇ ಇಸವಿಯಲ್ಲಿ, ಎಂಟನೇ ಕ್ಲಾಸಿಗೇ ಓದು ನಿಲ್ಲಿಸಿ ಬೆಂಗಳೂರಿನ ಕುದುರೆ ಲಾಯ ಸೇರಿದೆ. ಅದೇ ಕೆಲಸ ನನ್ನನ್ನು ಸ್ವೀಡನ್ನಿಗೆ ತಂದಿತು. ಇಲ್ಲಿ ಚಳಿಗಾಲದಲ್ಲೂ ಮರಳಿನ ಟ್ರ್ಯಾಕಿನ ಮೇಲೆ ರೇಸ್ ನಡೆಯುತ್ತದೆ.

ರೇಸಿನ ದಿನ ಬೆಳಿಗ್ಗೆ ವೆಸ್ಟೆರಾಸ್‌ನಿಂದ ಒಬ್ಬ ಕನ್ನಡದ ಎಂಜಿನಿಯರ್ ಬರುತ್ತಿದ್ದರು. ಯಾವ ಕುದುರೆ ಗೆಲ್ಲಬಹುದೆಂದು ಗೆಳೆಯರಿಗೆ ಹೇಳುವುದು ಅವರ ಹವ್ಯಾಸ. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಬೆಳಗಿನ ಅಭ್ಯಾಸಕ್ಕೆ ಓಡಿ ಹಿಂದಿರುಗುವ ಕುದುರೆಗಳ ಕಿವಿಯನ್ನೇ ನೋಡುತ್ತಿದ್ದರು. "ಹೋಗೋದಲ್ಲ ಗುರು, ಬರೋದು ನೋಡ್ಬೇಕು" ಎನ್ನುತ್ತಿದ್ದರು.

ನಾನು ನೋಡಿಕೊಳ್ಳುತ್ತಿದ್ದ ಹೆಣ್ಣುಕುದುರೆ ಈ ಸಲವೂ ಸೋತರೆ ಮಾರಿಬಿಡುವುದಾಗಿ ಮಾಲೀಕ ಹೇಳಿದ್ದ.

"ನಮ್ಮ ಹುಡುಗಿ ಹೆಸರೇ ಹೇಳ್ಲಿಲ್ವಲ್ಲ ಸಾರ್?" ಎಂದು ಆ ಬೆಳಿಗ್ಗೆ ಎಂಜಿನಿಯರನ್ನು ಕೇಳಿದೆ.

"ಮುಂದಿನ ಕುದುರೆ ಎರಚಿದ ಮರಳು ಮುಖಕ್ಕೆ ಬಿದ್ರೆ ಕಿವಿ ಹಿಂದಕ್ಕೆ ಮಡಚಿ ನಿಧಾನ ಆಗ್ತಾಳಪ್ಪ. ಇವತ್ತು ಆಗಲ್ಲ."

ನನಗೆ ಸಿಟ್ಟು ಬಂತು. "ನೀವು ಒಂದಿನಾದ್ರೂ ಕುದುರೆ ಮೈ ತೊಳೆದಿದ್ದೀರಾ?"

"ಇಲ್ಲ. ಅದಕ್ಕೇ ನಿನ್ನಷ್ಟು ಆಸೆ ಇಲ್ಲ."

ಅಂದಿನ ರೇಸಿನಲ್ಲಿ ಅವಳು ಎಲ್ಲರಿಗಿಂತ ಹಿಂದೆ ಬಂದಳು. ಎಂಜಿನಿಯರ್ ಲಾಯಕ್ಕೇ ಬಂದು, ತಮ್ಮ ಮಫ್ಲರಿನಿಂದ ಅವಳ ಮುಖದ ಮರಳು ಒರೆಸಿದರು. ಬೇಸಿಗೆಯವರೆಗೆ ಕಾದು, ಮರಳು ಹಾರದ ಹುಲ್ಲಿನ ಟ್ರ್ಯಾಕಿನ ಮೇಲೆ ಓಡಿಸಿ ನೋಡಿ ಎಂದು ಮಾಲೀಕನಿಗೆ ಸ್ವೀಡಿಶ್‌ನಲ್ಲಿ ಹೇಳಿದರು. ಅವನು ಕಾದ. ಹುಲ್ಲಿನ ಮೇಲೆ ಅವಳು ಗೆದ್ದಾಗ ಎಂಜಿನಿಯರ್ ಬೇರೆ ದೇಶಕ್ಕೆ ಹೋಗಿಯಾಗಿತ್ತು.

ಈಗ ನನಗೆ ಒಂದು ಖಾಯಂ ಕೆಲಸ, ಒಂದು ಬಾಡಿಗೆ ಮನೆ, ನೋಡಿಕೊಳ್ಳಲು ನಾಲ್ಕು ಕುದುರೆಗಳಿವೆ. ಆ ನಾಲ್ಕರಲ್ಲಿ ಅವಳೂ ಒಬ್ಬಳು.