ಅಂಟುವಾಳದ ವಾಸನೆ

ತುಮಕೂರಿನ ಬಟವಾಡಿಯ ದಿನಸಿ ಅಂಗಡಿಯಲ್ಲಿ ಮೊನ್ನೆ ಅಂಟುವಾಳದ ಚೀಲ ಬಿಚ್ಚಿದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೊಂಡ ಸಾಮಾನನ್ನು ಅಲ್ಲೇ ಬಿಟ್ಟು ಹೊರಗೆ ಬಂದು ನಿಂತೆ. ಟೈಲರ್ ಅಕ್ಕ ನೆನಪಾಗಿದ್ದರು…

ಆಗ ನಾವು ಗುಬ್ಬಿಯಲ್ಲಿದ್ದೆವು. ಸೈಕ್ಲೋನ್ ಬಂದರೆ ಸಮುದ್ರದ ಕಡೆಯವರಿಗೆ, ನಮಗೇನು ಎಂದುಕೊಂಡಿದ್ದೆವು. ಆ ವರ್ಷ ಅದರ ಮಳೆಗೆ ಕೆರೆ ಕೋಡಿ ಬಿದ್ದು, ನೀರು ನಮ್ಮ ಬೀದಿಗೆ ನುಗ್ಗಿ, ಮನೆ ತುಂಬ ಕೆಸರು ಬಿಟ್ಟು ಹೋಯಿತು. ಮೂರನೇ ದಿನ ತುಮಕೂರಿನಿಂದ ಮಹಿಳಾ ಸಂಘದವರು ಪೊರಕೆ, ಬಕೆಟ್ಟು ಹಿಡಿದು ಬಂದರು. ನಮ್ಮ ಮನೆಗೆ ಬಂದವರು ಬಟವಾಡಿಯಲ್ಲಿ ರವಿಕೆ ಹೊಲಿಯುತ್ತಿದ್ದ ಈ ಅಕ್ಕ. ಸೆರಗು ಸೊಂಟಕ್ಕೆ ಸಿಕ್ಕಿಸಿದರೆ ಮುಗಿಯಿತು, ಹಿಂದೆ ಮುಂದೆ ನೋಡುವವರಲ್ಲ. "ನೀನು ಆ ಕಡೆ ಕೂತ್ಕೊ ಕಣವ್ವ, ಅಡ್ಡ ಬರ್ಬೇಡ," ಎಂದು ನನ್ನ ಮನೆಯಲ್ಲಿ ನನ್ನನ್ನೇ ಗದರಿದರು. ನೀರು ಹೊಕ್ಕ ಮನೆಯಲ್ಲಿ ಒಂದು ಬಟ್ಟೆಯನ್ನೂ ಒಗೆಯದೆ ಬಿಡಬಾರದು ಎನ್ನುವುದು ಸಂಘದವರ ಪದ್ಧತಿ.

ನಾನು ನೀರಿನ ಟ್ಯಾಂಕರ್ ಸಾಲಿನಲ್ಲಿ ನಿಂತು ಬರುವಷ್ಟರಲ್ಲಿ ಹಿತ್ತಲ ತಂತಿಯ ಮೇಲೆ ಅಮ್ಮನ ಹಸಿರು ರೇಷ್ಮೆ ಸೀರೆ ತೊಟ್ಟಿಕ್ಕುತ್ತಿತ್ತು. ಅಮ್ಮ ಕೊನೆಯ ಸಲ ಉಟ್ಟು ಬಿಟ್ಟಿದ್ದ ಸೀರೆ. ಅವಳು ತೀರಿಕೊಂಡಾಗಿನಿಂದ ಅದನ್ನು ಒಗೆಯದೆ, ಕವರಿನಲ್ಲಿ ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದೆ. ಅದರಲ್ಲಿ ಅಮ್ಮನ ವಾಸನೆಯಿತ್ತು… ಕೆರೆಯ ನೀರಿಗೂ ಸಿಗದೆ ಉಳಿದಿತ್ತು.

"ರೇಷ್ಮೆ ಅಲ್ವಾ, ಸೋಪು ಹಾಕ್ಲಿಲ್ಲ. ಅಂಟುವಾಳ ತರ್ಸಿ ಒಗ್ದಿದೀನಿ," ಎಂದರು ಅಕ್ಕ, ಹೆಮ್ಮೆಯಿಂದ.

"ಮುಟ್ಟಿ ಅಂತ ಯಾರ್ರೀ ಹೇಳಿದ್ದು ನಿಮ್ಗೆ? ನಮ್ಮಮ್ಮನ್ನ ಇನ್ನೊಂದ್ಸಲ ಸಾಯಿಸ್ಬಿಟ್ರಲ್ಲ."

ಆಡಬಾರದ ಮಾತು ಆಡಿಬಿಟ್ಟೆ. ಅಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಅಡುಗೆಮನೆಯಲ್ಲಿ ಉಳಿದಿದ್ದ ಕೆಸರನ್ನೂ ಬಳಿದೇ ಹೋದರು.

ಮುಂದಿನ ಭಾನುವಾರ ಬಸ್ಸು ಹಿಡಿದು ಒಬ್ಬರೇ ಬಂದಿದ್ದರು. ನಾನು ಒಳಗಿದ್ದೂ ಬಾಗಿಲು ತೆಗೆಯಲಿಲ್ಲ. "ಗೊತ್ತಾಗ್ಲಿಲ್ಲ ಕಣವ್ವ… ತಪ್ಪಾಯ್ತು," ಎಂದು ಆಚೆಯಿಂದಲೇ ಹೇಳಿ, ಸ್ವಲ್ಪ ಹೊತ್ತು ನಿಂತು, ಹೋದರು.

ಕೋಪ ಇಳಿಯಲು ಎರಡು ವರ್ಷ ಹಿಡಿಯಿತು. ನನ್ನದು ಅಂಥ ಹಾಳು ಸ್ವಭಾವ. ಬಟವಾಡಿಯ ಬಾಡಿಗೆ ಮನೆಗೆ ಬಂದ ವಾರವೇ ಅವರ ಅಂಗಡಿ ಹುಡುಕಿಕೊಂಡು ಹೋದೆ. ಅಲ್ಲಿ ಮೊಬೈಲ್ ರಿಪೇರಿ ನಡೆಯುತ್ತಿತ್ತು. "ಅಕ್ಕ ತೀರ್ಕೊಂಡು ಆರ್ ತಿಂಗ್ಳಾಯ್ತು," ಎಂದರು ಪಕ್ಕದ ಅಂಗಡಿಯವರು. ತಪ್ಪಾಯಿತು ಎನ್ನಲು ಹೋದವಳು ಹಾಗೇ ಹಿಂದಿರುಗಿದೆ.

ಮೊನ್ನೆ ಮನೆಗೆ ಬಂದವಳೇ ಬೀರು ತೆಗೆದು ಆ ಸೀರೆಗೆ ಮುಖ ಒತ್ತಿದೆ. ಅಮ್ಮನ ವಾಸನೆ ಇರುವುದಿಲ್ಲವೆಂದು ಗೊತ್ತಿತ್ತು. ನಾನು ಹುಡುಕಿದ್ದು ಅಂಟುವಾಳದ ವಾಸನೆಯನ್ನು…

ಅದೂ ಹೋಗಿತ್ತು.